ಕುಲಕ್ಕೊಂದು ದೇವರು ಹಂಚಿದ ಮಹನೀಯರಿಗೆ

ಮಾನ್ಯರೇ,

ಕಾದಂಬರಿ ಬರೆದೋ ಆಟ ಕಟ್ಟಿಯೋ ಹೊಸ ಹೊಸ ಲೋಕಗಳನ್ನು ಸೃಷ್ಟಿಸುವ ತಮ್ಮೆಲ್ಲರಿಗೂ ಹುನಗುಂದ ಸೀಮೆಯಿಂದ ಶರಣು ಶರಣಾರ್ಥಿ. ತಾವು ಹಾಕಿಕೊಟ್ಟ ನಿಯಮಗಳಲ್ಲಿ ಒಂದನ್ನೂ ನಮ್ಮ ಬಾಗಲಕೋಟೆ ಜಿಲ್ಲೆ ಸುಮಾರು ಸಾವಿರದೈನೂರು ವರ್ಷಗಳಿಂದ ಪಾಲಿಸಿಲ್ಲ. ಜಿಲ್ಲೆಯ ಪರವಾಗಿ ಕ್ಷಮೆ ಕೇಳಲು ಬೇರೆ ಯಾರೂ ಮುಂದೆ ಬಾರದ ಕಾರಣ ನಾನೇ ಬರೆಯುತ್ತಿದ್ದೇನೆ.

ತಮ್ಮ ಲೋಕಗಳಲ್ಲಿ ಎಲ್ಲವೂ ಎಷ್ಟು ಚೊಕ್ಕ! ಮೊದಲ ಪುಟದಲ್ಲಿ ನಕ್ಷೆ, ಕೊನೆಯ ಪುಟದಲ್ಲಿ ಕೋಷ್ಟಕ. ಉದ್ದ ಕಿವಿಯ ಎಲ್ಫ್‌ಗಳು ಕಾಡಿನವರು, ಅವರಿಗೆ ಮರದ ದೇವತೆ. ಗಿಡ್ಡ ಡ್ವಾರ್ಫ್‌ಗಳು ಬೆಟ್ಟ ಕೊರೆಯುವವರು, ಅವರಿಗೆ ಕುಲುಮೆಯ ದೇವರು. ಕೋರೆಹಲ್ಲಿನ ಓರ್ಕ್‌ಗಳಿಗೆ ರಕ್ತ ಕೇಳುವ ಯುದ್ಧದೇವರು. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಆಡುವ ಆಟದಲ್ಲಂತೂ ಕುಲ ಆರಿಸಿದ ಕೂಡಲೇ ದೇವರು ತಾನಾಗಿಯೇ ಬಂದು ನಿಲ್ಲುತ್ತಾನೆ. ಹರಕೆ ಬೇಡ, ಹಿರಿಯರನ್ನು ಕೇಳುವುದು ಬೇಡ, ಮನೆಯಲ್ಲಿ ಜಗಳವೂ ಬೇಡ.

ಇದಕ್ಕೆಲ್ಲ ಟೋಲ್ಕಿನ್ ಅವರನ್ನು ನಾನು ದೂರುವುದಿಲ್ಲ. ನಿಷ್ಠಾವಂತ ಕ್ಯಾಥೊಲಿಕರಾಗಿದ್ದ ಅವರು 1954-55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗುಡಿ-ಪೂಜಾರಿಗಳ ಗೊಡವೆಯನ್ನೇ ಹೆಚ್ಚುಕಡಿಮೆ ಬಿಟ್ಟುಬಿಟ್ಟರು. ಆಮೇಲೆ ಬಂದವರಿಗೆ ಆ ಸಂಯಮ ಸಾಲಲಿಲ್ಲ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಬಂತು. 1980ರಲ್ಲಿ ಆ ಆಟಕ್ಕಾಗಿ ದೇವರುಗಳದೇ ಒಂದು ದೊಡ್ಡ ಪುಸ್ತಕ ಹೊರಬಂತು. ಅದರಲ್ಲಿ ಗ್ರೀಕರ, ಈಜಿಪ್ಟಿನವರ ದೇವರುಗಳ ಜೊತೆಗೆ ನಮ್ಮ ಇಂದ್ರ, ಅಗ್ನಿ, ವರುಣರೂ ಇದ್ದಾರೆ. ಯಾವ ದೇವರು ಎಷ್ಟು ಏಟು ತಾಳಿಕೊಂಡಾನು ಎಂಬುದನ್ನು ಅಂಕಿಯಲ್ಲಿ ನಮೂದಿಸಿದ್ದಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ದರ ಕಟ್ಟುವ ನಮ್ಮ ದಲ್ಲಾಳಿಗಳಿಗೂ ಇಷ್ಟು ಧೈರ್ಯವಿಲ್ಲ.

ಈಗ ನಮ್ಮ ತಪ್ಪುಗಳಿಗೆ ಬರುತ್ತೇನೆ. ತಮಗೆ ರೂಢಿಯಿರುವ ಕಡೆಯಿಂದಲೇ, ಅಂದರೆ ರಾಕ್ಷಸರಿಂದಲೇ, ಶುರುಮಾಡೋಣ.

ಬಾದಾಮಿ ಎಂದರೆ ವಾತಾಪಿ. ವಾತಾಪಿ, ಇಲ್ವಲ ಎಂಬ ಅಣ್ಣತಮ್ಮಂದಿರ ಕಥೆ ತಮಗೂ ಇಷ್ಟವಾಗಬಹುದು. ತಮ್ಮ ಟಗರಾಗುತ್ತಾನೆ, ಅಣ್ಣ ಕಡಿದು ಅಡಿಗೆ ಮಾಡಿ ಬ್ರಾಹ್ಮಣ ಅತಿಥಿಗೆ ಬಡಿಸುತ್ತಾನೆ, ಊಟ ಮುಗಿದ ಮೇಲೆ ಹೆಸರು ಹಿಡಿದು ಕೂಗುತ್ತಾನೆ, ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುತ್ತಾನೆ. ಕೊನೆಗೆ ಅಗಸ್ತ್ಯರು ಬಂದು ಉಂಡು, ಹೊಟ್ಟೆ ಸವರಿ, ಜೀರ್ಣವಾಗಿ ಹೋಗೆಂದರು. ಈಗಲೂ ಹಾಲು ಕುಡಿದ ಕೂಸಿನ ಹೊಟ್ಟೆ ನೀವುತ್ತ ಅಜ್ಜಿಯರು ಅದನ್ನೇ ಹೇಳುತ್ತಾರೆ. ಬಾದಾಮಿಯ ಕೆರೆಗೂ ಅಗಸ್ತ್ಯರದೇ ಹೆಸರು.

ಇಷ್ಟರವರೆಗೆ ತಮ್ಮ ಕೋಷ್ಟಕಕ್ಕೆ ಸರಿಹೊಂದುತ್ತದೆ. ಆದರೆ ಇಲ್ವಲನಿಗೆ ಬ್ರಾಹ್ಮಣರ ಮೇಲೆ ಸಿಟ್ಟು ಏಕೆ ಬಂತು? ಮಹಾಭಾರತದ ವನಪರ್ವ ಕಾರಣ ಕೊಡುತ್ತದೆ. ಇಂದ್ರನಿಗೆ ಸಮನಾದ ಮಗ ಬೇಕೆಂದು ಅವನು ಒಬ್ಬ ಬ್ರಾಹ್ಮಣನನ್ನು ಕೇಳಿಕೊಂಡ, ಆತ ಕೊಡಲಿಲ್ಲ. ಅಂದರೆ ರಾಕ್ಷಸನಿಗೂ ಅದೇ ಇಂದ್ರ, ಅದೇ ಪುರೋಹಿತ, ಅದೇ ಮಕ್ಕಳ ಆಸೆ. ಬೇರೆ ಧರ್ಮದವನೆಂದು ಅವನು ಕೊಲ್ಲುತ್ತಿರಲಿಲ್ಲ, ತನ್ನ ಧರ್ಮದ ಕಚೇರಿಯಲ್ಲೇ ಅರ್ಜಿ ತಿರಸ್ಕೃತವಾಗಿತ್ತು. ತಮ್ಮ ಓರ್ಕ್‌ಗಳಲ್ಲಿ ಇಂಥ ಒಬ್ಬನಾದರೂ ಇದ್ದಾನೆಯೇ?

ಇನ್ನು ಮನುಷ್ಯರ ಕಡೆ. ಬಾದಾಮಿಯ ಕೋಟೆಯನ್ನು 543ರಲ್ಲಿ ಒಂದನೆಯ ಪುಲಕೇಶಿ ಕಟ್ಟಿಸಿದ. ಈ ಚಾಲುಕ್ಯರ ತಾಮ್ರಪಟ ತೆರೆದರೆ ಶುರುವಿನಲ್ಲೇ ಮನೆತನದ ದೇವರ ಲೆಕ್ಕ ಬರುತ್ತದೆ. ಸಪ್ತಮಾತೃಕೆಯರು ಸಾಕಿ ಸಲಹಿದವರು, ಕಾರ್ತಿಕೇಯ ಕಾಪಾಡಿದವರು, ನಾರಾಯಣನ ದಯದಿಂದ ವರಾಹ ಲಾಂಛನ ಪಡೆದವರು. ಮುಂದೆ ಒಂದನೆಯ ವಿಕ್ರಮಾದಿತ್ಯ ಶೈವ ದೀಕ್ಷೆ ತೆಗೆದುಕೊಂಡ. ಮುದ್ರೆಯ ಮೇಲಿನ ವರಾಹ ಮಾತ್ರ ಅಲ್ಲಾಡಲಿಲ್ಲ. ಅದೇ ಮನೆಯ ಮಗಳು ಕುಂಕುಮದೇವಿ ಪುಲಿಗೆರೆಯಲ್ಲಿ ಜೈನ ಬಸದಿ ಕಟ್ಟಿಸಿದಳು. ಒಂದೇ ಕುಲ, ತಮ್ಮ ಕೋಷ್ಟಕದಲ್ಲಿ ಎಷ್ಟು ಸಾಲು ಬೇಕು ನೋಡಿ.

ಅದೇ ಮನೆತನದ ಮಂಗಲೇಶನದು ಇನ್ನೂ ಫಜೀತಿ. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ವಿಷ್ಣುವಿಗೆ ಸಮರ್ಪಿಸಿ, ಅದರ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಧಾರೆಯೆರೆದ ಪರಮ ಭಾಗವತ ಅವನು. ಅದೇ ಮನುಷ್ಯ ಕಳಚುರಿಗಳನ್ನು ಗೆದ್ದು ತಂದ ಸಂಪತ್ತನ್ನು ಒಯ್ದು ಕೊಟ್ಟದ್ದು ಮಹಾಕೂಟದ ಶಿವನಿಗೆ. 602ರ ಕಂಬದ ಶಾಸನವೇ ಸಾಕ್ಷಿ. ತಾವು ಆಟದಲ್ಲಿ ಹೀಗೆ ಮಾಡಿದರೆ ದೇವರು ಮುನಿದು ಅಂಕ ಕಳೆಯುತ್ತಾನೆ. ಇಲ್ಲಿ ಯಾವ ದೇವರೂ ಅಂಕ ಕಳೆದ ದಾಖಲೆಯಿಲ್ಲ.

ಗುಹೆಗಳ ಮೆಟ್ಟಿಲು ಹತ್ತುವಾಗ ತಮಗೆ ತಲೆತಿರುಗುವುದು ಖಂಡಿತ. ಬುಡದಲ್ಲೇ ಗುಮ್ಮಟದ ಗೋರಿ, ಮಸೀದಿ. ಮೇಲೆ ಮೊದಲನೆಯದು ಶಿವನ ಗುಹೆ, ಹದಿನೆಂಟು ಕೈಯ ನಟರಾಜ. ಎರಡು, ಮೂರು ವಿಷ್ಣುವಿನವು. ನಾಲ್ಕನೆಯದು ಜೈನರದು. ಒಂದೇ ಬಂಡೆ, ಒಂದೇ ಕೆಂಪು ಮರಳುಗಲ್ಲು. ನನಗೆ ಎಲ್ಲಕ್ಕಿಂತ ಇಷ್ಟದ್ದು ಮೊದಲ ಗುಹೆಯ ಹರಿಹರ. ಎದುರು ನಿಂತು ನೆತ್ತಿಯಿಂದ ಪಾದದವರೆಗೆ ನಡುವೆ ಒಂದು ಗೆರೆ ಎಳೆದಂತೆ ನೋಡಬೇಕು: ಒಂದು ಪಕ್ಕ ಜಟೆ, ಇನ್ನೊಂದು ಪಕ್ಕ ಎತ್ತರದ ಕಿರೀಟ, ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಶಂಖ. ಅಕ್ಕಪಕ್ಕದಲ್ಲಿ ಇಬ್ಬರು ಹೆಂಡಂದಿರು, ಪಾರ್ವತಿ ಶಿವನ ಕಡೆಗೆ, ಲಕ್ಷ್ಮಿ ವಿಷ್ಣುವಿನ ಕಡೆಗೆ. ಮೈ ಒಂದೇ ಆದರೂ ಸಂಸಾರ ಎರಡು ಎಂಬುದನ್ನು ಶಿಲ್ಪಿ ಮರೆತಿಲ್ಲ. ಇವನಿಗೆ ಯಾವ ಕುಲದ ಮನೆ ಕೊಡುತ್ತೀರಿ?

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯೂ ಇದ್ದಾಳೆ. ತಲೆಯ ಜಾಗದಲ್ಲಿ ಕಮಲ. ಮುಖವೇ ಇಲ್ಲದವಳಿಗೆ ಕಿವಿ ಉದ್ದವೋ ಗಿಡ್ಡವೋ ನೋಡಿ ಕುಲ ಹೇಳುವುದು ತಮಗೂ ಕಷ್ಟ.

ಐಹೊಳೆಯ ವಿಚಾರ ಬೇಗ ಮುಗಿಸುತ್ತೇನೆ, ಅಲ್ಲಿ ತಪ್ಪುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಮೇಗುತಿ ಗುಡ್ಡದ ತುದಿಯಲ್ಲಿ ಜೈನ ಬಸದಿ, ಅದರ ಕೆಳಗೆ ಅದೇ ಗುಡ್ಡಕ್ಕೆ ಬೆನ್ನು ಕೊಟ್ಟ ಎರಡಂತಸ್ತಿನ ಬೌದ್ಧ ಚೈತ್ಯ. 634ರಲ್ಲಿ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಹೊಗಳಿದ ಜೈನ ಕವಿ ರವಿಕೀರ್ತಿ, ತನ್ನನ್ನು ಹೋಲಿಸಿಕೊಂಡದ್ದು ಕಾಳಿದಾಸ, ಭಾರವಿಯರಿಗೆ. ಸ್ವಜನದಲ್ಲಿ ಯಾರೂ ಸಿಗಲಿಲ್ಲವೇ ಎಂದು ಕೇಳಬೇಡಿ. ಊರೊಳಗೆ ಶಿವಲಿಂಗವಿರುವ ಹಳೆಯ ಗುಡಿಯೊಂದಕ್ಕೆ ಹೆಸರು ಲಾಡಖಾನ್ ಗುಡಿ, ಒಂದು ಕಾಲಕ್ಕೆ ಅಲ್ಲಿ ವಾಸವಿದ್ದ ಮುಸಲ್ಮಾನನದು. ಶಿವ ಒಳಗಿದ್ದಾನೆ, ಮನೆಯ ಫಲಕದಲ್ಲಿ ಬಾಡಿಗೆದಾರನ ಹೆಸರು.

ಯುದ್ಧವಿಲ್ಲದೆ ತಮ್ಮ ಲೋಕ ನಡೆಯುವುದಿಲ್ಲ ಎಂದು ಬಲ್ಲೆ. ಯುದ್ಧಕ್ಕೆ ನಮ್ಮಲ್ಲೂ ಬರವಿರಲಿಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು, ಇಲ್ಲಿಯ ಬಂಡೆಯ ಮೇಲೆಯೇ ತನ್ನ ಗೆಲುವು ಕೆತ್ತಿಸಿದ. ಅವನ ದೇವರು ಬೇರೆಯಲ್ಲ, ನಮ್ಮವೇ. ಆಗಲೇ ಅವನ ದಂಡನಾಯಕ ಇಲ್ಲಿಯ ಗಣಪತಿಯನ್ನು ಹೊತ್ತೊಯ್ದ ಎಂಬ ಪ್ರತೀತಿ ತಮಿಳುನಾಡಿನಲ್ಲಿದೆ. ತಮ್ಮ ಲೋಕದಲ್ಲಿ ಸೆರೆಸಿಕ್ಕ ದೇವರು ಶಕ್ತಿ ಕಳೆದುಕೊಳ್ಳುತ್ತಾನೆ. ನಮ್ಮ ಗಣಪತಿಯ ಮೇಲೆ ಮುತ್ತುಸ್ವಾಮಿ ದೀಕ್ಷಿತರು ಕೃತಿ ರಚಿಸಿ, ಇಂದಿಗೂ ಕಛೇರಿಯ ಶುರುವಿನಲ್ಲಿ ವಾತಾಪಿಯ ಹೆಸರು ಹಿಡಿದೇ ಹಾಡುತ್ತಾರೆ. ಸುಮಾರು ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಸುಲಿಯಬೇಕಲ್ಲವೇ? ಅವನು ಕೈಲಾಸನಾಥನ ಸಂಪತ್ತನ್ನು ದೇವರಿಗೇ ಬಿಟ್ಟು, ಆ ಮಾತನ್ನು ಶತ್ರುವಿನ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ಈಗಲೂ ನಿಂತಿದೆ. ದೇವರು ಒಂದೇ ಆದರೂ ಊರು ಸುಡಬಹುದು, ಹಗೆಯವನ ದೇವರಿಗೂ ಕೈ ಮುಗಿಯಬಹುದು. ಈ ಎರಡೂ ತಮ್ಮ ನಿಯಮಪುಸ್ತಕದಲ್ಲಿಲ್ಲ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಸೇರುವ ಈ ಜಾಗ ಬಸವಣ್ಣನವರು ಬೆಳೆದದ್ದು, ಐಕ್ಯರಾದದ್ದು. ಶರಣರಾದರೂ ಒಂದೇ ಧರ್ಮ, ಒಂದೇ ಹೆಸರು ಎಂದು ಸುಮ್ಮನಿದ್ದರೇ? ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮರಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಮಡಿವಾಳರದು ಬೇರೆ, ಹಗ್ಗ ಹೊಸೆಯುವವರದು ಬೇರೆ. ದೋಣಿ ನಡೆಸುವ ಚೌಡಯ್ಯನಂತೂ ದೇವರ ಹೆಸರೇ ಬೇಡವೆಂದು ವಚನದ ಕೊನೆಗೆ ತನ್ನ ಹೆಸರನ್ನೇ ಹಾಕಿಕೊಂಡ. ಈ ಶರಣರ ಲಿಂಗಾಯತವು ಪ್ರತ್ಯೇಕ ಧರ್ಮವೋ ಅಲ್ಲವೋ ಎಂದು 2018ರಲ್ಲಿ ರಾಜ್ಯದ ಸಚಿವ ಸಂಪುಟವೇ ಕೂತು ಚರ್ಚಿಸಬೇಕಾಯಿತು, ವಾದ ಇನ್ನೂ ಮುಗಿದಿಲ್ಲ. ತಾವಾಗಿದ್ದರೆ ಕೋಷ್ಟಕದ ಒಂದು ಸಾಲಿನಲ್ಲಿ ತೀರ್ಮಾನಿಸುತ್ತಿದ್ದಿರಿ.

ನಮ್ಮ ಕಡೆಯ ಮೊಹರಂ ಬಗ್ಗೆ ಹೇಳಲು ನನಗೇ ಸಂಕೋಚ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂಡುತ್ತವೆ. ಪಂಜಾಗಳಿಗೆ ರೇಷ್ಮೆ ಉಡಿಸುತ್ತಾರೆ, ಹರಕೆ ಹೊತ್ತ ಹುಡುಗರು ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುತ್ತಾರೆ, ಹೆಂಗಸರು ಚೊಂಗೆ ಮಾಡಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಹಣೆಗೆ ವಿಭೂತಿ ಹಚ್ಚಿದವನೇ ಕರ್ಬಲದ ದುಃಖವನ್ನು ಕನ್ನಡದ ರಿವಾಯತ ಪದದಲ್ಲಿ ಹಾಡಿ ಹೆಜ್ಜೆ ಹಾಕುತ್ತಾನೆ. “ಯಾಕಪಾ, ಇದು ನಿಮ್ಮ ಹಬ್ಬೇನು?” ಎಂದು ಕೇಳಿದರೆ, “ನಮ್ಮಪ್ಪನೂ ಹೊತ್ತಿದ್ದ ರೀ” ಎಂದಷ್ಟೇ ಉತ್ತರ.

ಇಳಕಲ್ಲಿನ ಸ್ವಾಮಿಗಳದು ಇನ್ನೊಂದು ಬಗೆಯ ಉಲ್ಲಂಘನೆ. ತಮ್ಮ ದೇವಾಲಯಗಳಲ್ಲಿ ಚಿನ್ನ, ರತ್ನ, ಕೆಲವೊಮ್ಮೆ ಹೃದಯವನ್ನೇ ಕಾಣಿಕೆಯಾಗಿ ಕೇಳುತ್ತಾರೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಬೇಡಿದ್ದು ಬೀಡಿ, ಗುಟ್ಕಾ, ಸೆರೆ. “ನಿನ್ನ ಚಟ ನನಗೆ ಹಾಕು” ಎಂಬ ಭಿಕ್ಷೆ. ಬೀಡಿಕಟ್ಟು ಜೋಳಿಗೆಗೆ ಬೀಳುವಾಗ ಯಾವ ಜಾತಿಯ ಕೈ ಎಂದು ಅವರು ನೋಡಲಿಲ್ಲ. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಇದನ್ನೆಲ್ಲ ಕೇಳಿ ತಾವು ಭಾವೈಕ್ಯದ ಭಾಷಣ ಬರೆದುಕೊಳ್ಳಬೇಡಿ, ಅದಕ್ಕೆ ನಮ್ಮಲ್ಲೇ ಬೇಕಾದಷ್ಟು ಜನರಿದ್ದಾರೆ. ಐಹೊಳೆಯಲ್ಲಿ ಬಾಗಿಲವಾಡದ ಮೇಲೆ ಗರುಡ, ಒಳಗೆ ಲಿಂಗ ಇರುವ ಗುಡಿಗಳಿವೆ. ಅವೆಲ್ಲ ನಗುನಗುತ್ತಾ ಕೈ ಬದಲಾದವು ಎಂದು ನಾನು ನಂಬುವುದಿಲ್ಲ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ರಕ್ತ ಹರಿದದ್ದು ಜಾತಿ ಮೀರಿದ ಒಂದು ಮದುವೆಗಾಗಿ. ತೇರು ಎಳೆಯಲು ಎಲ್ಲರೂ ಬೇಕು, ಗರ್ಭಗುಡಿಯ ಹೊಸ್ತಿಲು ದಾಟಲು ಎಲ್ಲರೂ ಬೇಡ ಎನ್ನುವ ಊರುಗಳೂ ಈ ಜಿಲ್ಲೆಯಲ್ಲೇ ಇವೆ. ಕೋಷ್ಟಕ ಇಲ್ಲದ್ದಕ್ಕೆ ಇಲ್ಲಿ ನ್ಯಾಯವೇನೂ ಸುಲಭವಾಗಿ ಸಿಕ್ಕಿಲ್ಲ.

ಆದರೂ ಜನರು ದೇವರನ್ನು ರಕ್ತ ನೋಡಿ ಆರಿಸಿದ್ದು ಕಡಿಮೆ, ಕಷ್ಟ ನೋಡಿ ಆರಿಸಿದ್ದು ಹೆಚ್ಚು. ಬನದ ಹುಣ್ಣಿಮೆಗೆ ಬನಶಂಕರಿಯ ಪಲ್ಲೇದ ಹಬ್ಬದಲ್ಲಿ ನೂರೆಂಟು ಬಗೆಯ ಪಲ್ಲೆ ಎಡೆ ಹಿಡಿದ ಮನೆಯವರೇ ಊರ ದ್ಯಾಮವ್ವನ ಜಾತ್ರೆಗೆ ಕುರಿಯ ಮಾತು ತೆಗೆಯುತ್ತಾರೆ. ಉಡಿ ತುಂಬಲು ಗುಳೇದಗುಡ್ಡದ ಖಣ ಬನಶಂಕರಿಗೆ, ಗಲೀಫು ದರ್ಗಾಕ್ಕೆ, ದೀಡ ನಮಸ್ಕಾರ ಮಠಕ್ಕೆ, ಮಗನ ನೌಕರಿಗೆ ಮೂರೂ ಕಡೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಿದಾಗ ದೇವರುಗಳೂ ಸಂತ್ರಸ್ತರಾಗಿ ನವನಗರಕ್ಕೆ ಬಂದು, ಸೆಕ್ಟರ್ ನಂಬರು ಹಚ್ಚಿಕೊಂಡು ಕುಳಿತವು.

ಇಷ್ಟು ದಿನ ತಮ್ಮ ಕೋಷ್ಟಕ ಕಾದಂಬರಿಯ ಕೊನೆಯ ಪುಟದಲ್ಲಿತ್ತು, ನಮಗೇನೂ ತೊಂದರೆ ಇರಲಿಲ್ಲ. ಈಚೆಗೆ ನಮ್ಮ ಓಣಿಗಳಲ್ಲೂ ತಮ್ಮ ಅಭಿಮಾನಿಗಳು ಹೆಚ್ಚಿದ್ದಾರೆ. ಅವರು ಕಾದಂಬರಿ ಓದಿದವರಲ್ಲ, ಆದರೂ ಇವರ ದೇವರು ಇವರಿಗೆ, ಅವರ ದೇವರು ಅವರಿಗೆ, ನಡುವೆ ಗೆರೆ ಎಂಬ ತಮ್ಮ ವಿಧಾನ ಅವರಿಗೆ ಬಾಯಿಪಾಠವಾಗಿದೆ. ಅಲಾಯಿಗೆ ಹೆಜ್ಜೆ ಹಾಕಿದ ಹುಡುಗನನ್ನು ಎರಡೂ ಕಡೆಯವರು ಕರೆದು ಬುದ್ಧಿ ಹೇಳುತ್ತಾರೆ. ಹರಿಹರನನ್ನು ನಡುವೆ ಕೊಯ್ದು ಇಬ್ಬರಿಗೆ ಹಂಚುವ ಪ್ರಸ್ತಾವ ಇನ್ನೂ ಬಂದಿಲ್ಲ, ಅಷ್ಟೇ. ತಮ್ಮ ಶಿಷ್ಯರು ತಮಗಿಂತ ಶ್ರದ್ಧಾವಂತರು ಎಂದು ತಿಳಿಸಲು ಸಂತೋಷವಾಗುತ್ತದೆ.

ಮುಂದಿನ ಲೋಕ ಕಟ್ಟುವ ಮುನ್ನ ನಮ್ಮ ಕೆಲವು ಪ್ರಶ್ನೆಗಳಿಗೆ ಉತ್ತರ ಕಳಿಸಿದರೆ ಉಪಕಾರ. ಓರ್ಕ್ ಕೂಸಿಗೆ ನಡುರಾತ್ರಿ ಹೊಟ್ಟೆನೋವು ಬಂದರೆ ಯುದ್ಧದೇವರು ಏನು ಮಾಡುತ್ತಾನೆ? ಎರಡು ವರ್ಷ ಮಳೆ ಬಾರದಿದ್ದರೆ ಡ್ವಾರ್ಫ್ ರೈತ ಪಕ್ಕದೂರಿನ ದೇವತೆಗೆ ಕಾಯಿ ಒಡೆಸುವುದಿಲ್ಲವೇ? ಎಲ್ಫ್‌ಗಳ ಮನೆಗೆ ಬಂದ ಸೊಸೆ ತವರಿನ ದೇವರ ಹೆಸರನ್ನು ಬಾಯಲ್ಲಿ ಹಿಡಿದೇ ಬರುತ್ತಾಳಲ್ಲ, ಅತ್ತೆಗೆ ಗೊತ್ತಾಗದಂತೆ ಅವಳು ದೀಪ ಹಚ್ಚುವುದು ಯಾವ ಗೂಡಿನಲ್ಲಿ?

ಇಂತಿ,
ಹುನಗುಂದ ತಾಲೂಕಿನ ಓದುಗ