ಬೆನ್ನಿಗೆ ಚಳಿ, ಹೆಗಲಿಗೆ ಕಂಬಳಿ

ಕಡಗಂಚಿ ಕಡೆಯ ಹೊಲದ ಬೇವಿನ ಮರಗಳಿಗೂ ಈಗ ಹ್ಯಾಮಕ್ ಎಂಬ ತೂಗುಹಾಸಿಗೆ ಕಟ್ಟುವವರು ಬಂದಿದ್ದಾರೆ. ಬರಲಿ. ಕಲಬುರಗಿ ಎಂದರೆ ಬಿಸಿಲು ಎಂದಷ್ಟೇ ಕೇಳಿಕೊಂಡು ಡಿಸೆಂಬರಿನಲ್ಲಿ ಬರುತ್ತಾರೆ. ನಡುರಾತ್ರಿಗೆ ಹಲ್ಲು ಕಟಕಟ.

ಮೈಮೇಲೆ ದುಬಾರಿ ಸ್ಲೀಪಿಂಗ್ ಬ್ಯಾಗ್. ಬೆನ್ನು ಮಾತ್ರ ತಣ್ಣಗೆ. ಬ್ಯಾಗಿನ ಪುಕ್ಕ ಉಬ್ಬಿ ಗಾಳಿ ಹಿಡಿದರೆ ತಾನೇ ಬೆಚ್ಚಗೆ? ಮೈಭಾರಕ್ಕೆ ಅದು ಅಪ್ಪಚ್ಚಿ. ಕೆಳಗೆ ನೆಲವೂ ಇಲ್ಲ, ಬೀಸುವ ಗಾಳಿ.

ಅದಕ್ಕೆ ಬೆನ್ನಡಿಗೆ ಪ್ಯಾಡ್ ಬೇಕಂತೆ. ಪ್ಯಾಡಿಗೊಂದು ಆರ್-ವ್ಯಾಲ್ಯೂ, ಅಂದರೆ ಶಾಖ ಸೋರದಂತೆ ತಡೆಯುವ ತಾಕತ್ತಿನ ಅಂಕ. ಅದನ್ನು ಅಳೆಯಲು 2018ರಲ್ಲಿ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಒಂದು ಮಾನದಂಡವನ್ನೇ ಮಾಡಿತು. ಫೋಮಿನ ಹಾಳೆಗೆ 2ರ ಆಸುಪಾಸು. ಒಳಗೆ ಶಾಖ ತಡೆಯುವ ಪದರವಿಟ್ಟು ಗಾಳಿ ತುಂಬುವಂಥದ್ದಕ್ಕೆ 4, 5. ಒಂದರ ಮೇಲೊಂದು ಹಾಸಿದರೆ ಅಂಕ ಕೂಡುತ್ತದೆ. ಬರೀ ಗಾಳಿಯ ಪ್ಯಾಡು ಚಳಿಗೆ ಉಪಯೋಗಕ್ಕೆ ಬಾರದು, ನಿದ್ದೆಯಲ್ಲಿ ಜಾರಿಯೂ ಹೋಗುತ್ತದೆ. ಹ್ಯಾಮಕ್ ಎರಡೂ ಕಡೆಯಿಂದ ಭುಜ ಒತ್ತುವುದರಿಂದ ಅಗಲವೂ ಬೇಕು. ಅಗಲದ ಫೋಮ್ ತೂತಾಗದು, ಅಷ್ಟಾಗಿ ಜಾರದು, ಅಗ್ಗ. ಅಗ್ಗ ಎಂಬ ಕಾರಣಕ್ಕೇ ಮರ್ಯಾದೆ ಕಡಿಮೆ.

ಇಷ್ಟು ವಿಜ್ಞಾನ ಇಲ್ಲಿನ ಅವ್ವಂದಿರಿಗೆ ಗೊತ್ತು. ಸೀರೆಯ ಜೋಳಿಗೆ ಕಟ್ಟಿದರೆ ಮೊದಲು ಮಡಚಿದ ಕೌದಿ, ಆಮೇಲೆ ಕೂಸು. ರಾತ್ರಿ ಹೊಲ ಕಾಯುವವನೂ ಮೊದಲು ಜೋಳದ ಕಣಕಿ ಹರವುತ್ತಾನೆ, ಮೇಲೆ ಕರಿ ಕಂಬಳಿ. ಕೌದಿ ಎಂದರೆ ಪದರ ಪದರ ಹಳೇ ಸೀರೆ. ಅಪ್ಪಚ್ಚಿಯಾಗಲು ಅದರಲ್ಲಿ ಉಬ್ಬೇ ಇಲ್ಲ. ಭಾರ ನಿಜ. ಇಬ್ಬನಿಗೆ ತೊಯ್ದರೆ ಬೇಗ ಒಣಗುವುದಿಲ್ಲ, ಅದೂ ನಿಜ. ಇದರ ಆರ್-ವ್ಯಾಲ್ಯೂ ಅಳೆದವರನ್ನು ಮಾತ್ರ ನಾನು ಕಂಡಿಲ್ಲ. 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ಕಡಗಂಚಿಯಲ್ಲಿದೆ, ಹೇಳಿದೆನಷ್ಟೆ.

ನಗರದವರಿಗೆ ಕೌದಿ ಬೇಡವೆಂದಲ್ಲ. ಕರಕುಶಲ ಮೇಳದಲ್ಲಿ ಕೊಂಡು ಗೋಡೆಗೆ ನೇತುಹಾಕುತ್ತಾರೆ. ಗೋಡೆಗೆ ಚಳಿ ನೋಡಿ. ಹಾಸಿಕೊಳ್ಳಲು ವಿದೇಶಿ ಪ್ಲಾಸ್ಟಿಕ್.

ಕಂಬಳಿಯ ಕಥೆ ಇನ್ನೂ ಚಂದ. ಕುರಿಗಾರ ಮಳೆಗೂ ಚಳಿಗೂ ಹೊದ್ದ ಕಂಬಳಿ ಈಗ ವೇದಿಕೆಯ ಮೇಲಿದೆ. 2024ರಲ್ಲಿ ಕಲಬುರಗಿಯ ಲೋಕಸಭಾ ಮತದಾನ ಮೇ 7ಕ್ಕೆ. ಮೇ ತಿಂಗಳ ಬಿಸಿಲು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಚುನಾವಣೆ ಬಂತೆಂದರೆ ಆ ಬಿಸಿಲಲ್ಲೂ ನಾಯಕರ ಹೆಗಲಿಗೆ ಉಣ್ಣೆ ಕಂಬಳಿ. ಬೆವರು ಇಳಿಯುತ್ತದೆ. ಕ್ಯಾಮೆರಾ ಇರುವ ತನಕ ಕಂಬಳಿ ಇಳಿಯುವುದಿಲ್ಲ.

ಚಳಿಗಾಲ ಬಂದಾಗ ಅಫಜಲಪುರ, ಆಳಂದದ ಕಬ್ಬಿನ ಗದ್ದೆಗಳ ಬದಿ ಕಟಾವಿನವರ ಗುಡಿಸಲು ಏಳುತ್ತವೆ. ಹಸಿ ನೆಲ. ಅಲ್ಲಿಗೂ ದಾನಿಗಳು ಬರುತ್ತಾರೆ. ಆಚೆಯ ಬೆಳಕು ಈಚೆ ಕಾಣುವ ಹೊದಿಕೆ ತರುತ್ತಾರೆ. ಒಂದು ಹೊದಿಕೆಗೆ ನಾಲ್ಕು ಕೈ, ಒಂದು ಫೋಟೊ. ಚಳಿ ನೆಲದಿಂದ ಏರುತ್ತದೆ, ದಾನ ಮೇಲಿನಿಂದ ಬೀಳುತ್ತದೆ.

ಸ್ವಾಮಿ, ಹಾಸಲು ಏನಾದರೂ ಕೊಡಿ. ಬೆರಳು ದಪ್ಪದ ಫೋಮ್ ಸಾಕು. ಕೊಡುವುದಿಲ್ಲ, ಗೊತ್ತು. ಹೊದಿಕೆಯ ಮೇಲೆ ಅಚ್ಚು ಹಾಕಿಸಿದ ಹೆಸರು ಊರಿಗೆಲ್ಲ ಕಾಣುತ್ತದೆ. ಹಾಸಿಗೆಯ ಮೇಲೆ ಹಾಕಿಸಿದರೆ ಜನ ಅದರ ಮೇಲೆ ಮಲಗಿಬಿಡುತ್ತಾರೆ.