ಮೈಕ್ ಹಿಡಿದದ್ದು ಬಾಲಕ್ಕೆ

ಶನಿವಾರ ರಾತ್ರಿಯೆಲ್ಲ ಹೊಯ್ದ ಮಳೆ ಭಾನುವಾರ ಬೆಳಿಗ್ಗೆ ಹೊಳವಾಗಿತ್ತು. ಮಲ್ಲಂದೂರು ದಾಟಿ ಮುತ್ತೋಡಿ ಕಡೆ ಹೋಗುವ ರಸ್ತೆ ಬದಿಯ ಕಾಫಿ ತೋಟ; ಬೇಲಿ ಬುಡದ ದರಗಿನಲ್ಲಿ ಸಂದರ್ಶನ. ವಾರಾಂತ್ಯವಾದ್ದರಿಂದ ರಸ್ತೆ ತುಂಬ ಕಾರುಗಳು.

ನಮಸ್ಕಾರ. ಮೊದಲನೆಯದಾಗಿ...

ಈ ಕಡೆ ಬನ್ನಿ ಮಾರಾಯ್ರೇ. ನೀವು ಮೈಕ್ ಹಿಡಿದಿರುವುದು ನನ್ನ ಬಾಲಕ್ಕೆ.

ಕ್ಷಮಿಸಿ. ಎರಡು ತಲೆ ಹಾವು ಅಂತ ಹೇಳಿದ್ದರು.

ಶುರುವಾಯಿತು! ಮುಂದಿರುವುದು ಮಣ್ಣು ಕೊರೆಯುವ ಚೂಪು ಮೂತಿ. ಹಿಂದಿರುವುದು ಕತ್ತರಿಸಿಟ್ಟಂಥ ಮೊಂಡು ಬಾಲ, ಅದರ ತುದಿಗೊಂದು ಒರಟು ಗುರಾಣಿ. ಅದಕ್ಕೆ ಮಣ್ಣು ಮೆತ್ತಿಕೊಂಡು ಬಿಲದ ಬಾಯಿ ಮುಚ್ಚುತ್ತೇನೆ. ನಿಮ್ಮವರು ಆ ಬಾಗಿಲಿಗೆ ಕಣ್ಣು, ಬಾಯಿ ಎಲ್ಲ ಕೊಟ್ಟುಬಿಟ್ಟರು! ಮಾರಿದರೆ ಕೋಟಿ ಸಿಗುತ್ತದೆ ಅಂತ ಚೀಲದಲ್ಲಿ ತುಂಬಿಕೊಂಡು ಸಿಕ್ಕಿಬೀಳುತ್ತಾರಲ್ಲ, ಅದು ಮಣ್ಣುಮುಕ್ಕ, ಬಯಲುಸೀಮೆಯ ಒಣನೆಲದವನು. ಅವನಿಗೂ ಇರುವುದು ಒಂದೇ ತಲೆ. ನಮ್ಮ ಗುರಾಣಿಬಾಲದ ಹಾವುಗಳ ವಂಶ ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಭೂಮಿ ಮೇಲೆ ಬೇರೆಲ್ಲೂ ಇಲ್ಲ. 50ಕ್ಕೂ ಹೆಚ್ಚು ಬಗೆ ಇದ್ದೇವೆ. ಮದರಾಸಿನ ದೊರೆ ಕರ್ನಲ್ ಬೆಡೋಮ್ 19ನೇ ಶತಮಾನದಲ್ಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಬೇರೆ ಬೇರೆ ಹೆಸರಿಟ್ಟ. ನೀವು ಕೊಟ್ಟದ್ದು ಒಂದು ಅಡ್ಡಹೆಸರು, ಅದೂ ಸುಳ್ಳು.

ಹೆಸರಿಡುವುದರಲ್ಲಿ ನಾವು ಉದಾರಿಗಳು. ಚಿಕೋರಿ ಸುರಿದದ್ದನ್ನೂ ಕಾಫಿಪುಡಿ ಅನ್ನುತ್ತೇವೆ. ಬಾಬಾಬುಡನ್ ಏಳು ಬೀಜ ತಂದರು ಎನ್ನುವ ಈ ನಾಡಿನಲ್ಲಿ ನೂರಕ್ಕೆ 49 ಪಾಲು ಚಿಕೋರಿ ಬೆರೆಸಲು ಕಾನೂನೇ ಬಿಡುತ್ತದೆ! ಇದಕ್ಕೇನನ್ನುತ್ತೀರಿ?

ಚಿಕೋರಿ ಅಂದರೆ ಬೇರು ತಾನೇ? ಬೇರಿದ್ದಲ್ಲಿ ಎರೆಹುಳ ಇರುತ್ತದೆ. ನನ್ನದೇನೂ ತಕರಾರಿಲ್ಲ.

ಕಳೆನಾಶಕ ಹೊಡೆದ ತೋಟದಲ್ಲೂ ಎರೆಹುಳ ಸಿಗುತ್ತದೆಯೇ?

ಅದಿರಲಿ. ಎರಡು ತಲೆ ಅಂದಿರಲ್ಲ, ಎರಡು ತಲೆ ಇದ್ದಿದ್ದರೆ ಯಾವ ಕಡೆ ಹೋಗುವುದು ಅಂತ ಜಗಳವಾಗುತ್ತಿರಲಿಲ್ಲವೇ? ಒಬ್ಬರಾದರೂ ಯೋಚಿಸಿದ್ದೀರಾ?

ಚಿಕೋರಿಗೆ ಬರೋಣ. ನಿನ್ನೆ ರಾತ್ರಿ ಮೇಲಿನ ಹೋಂಸ್ಟೇಯಲ್ಲಿ ಕೊಟ್ಟ ಕಾಫಿ...

ರಾತ್ರಿ ಬಂದಿರಾ?

ಹಾವು ಸ್ವಲ್ಪ ಹೊತ್ತು ಅಲುಗಾಡಲಿಲ್ಲ.

ಜೋರು ಮಳೆಗೆ ಬಿಲದೊಳಗೆ ನೀರು ತುಂಬುತ್ತದೆ. ಮೇಲೆ ಬರಲೇಬೇಕು. ಮಣ್ಣಾದರೆ ಕೊರೆದುಕೊಂಡು ಹೋದೇವು, ಡಾಂಬರು ಕೊರೆಯಲು ಬರುವುದಿಲ್ಲ. ಆ ತಿರುವಿನಲ್ಲಿ ನನ್ನ ತಂಗಿ ಹೋದಳು. ನಾವು ಮೊಟ್ಟೆ ಇಡುವವರಲ್ಲ, ಮರಿ ಹಾಕುವವರು. ಅವಳ ಹೊಟ್ಟೆಯಲ್ಲಿ ಐದಿದ್ದವು. ಬೆಳಿಗ್ಗೆ ಒಬ್ಬ ಕಾರು ನಿಲ್ಲಿಸಿ ನೋಡಿದ. ಹಾವಲ್ಲವೇ, ಸತ್ತದ್ದು ಒಳ್ಳೆಯದಾಯಿತು ಅಂದ. ಒಂದೂವರೆ ಗೇಣಿನ ಮೈ, ವಿಷವಿಲ್ಲ, ಹಿಡಿದರೂ ಕಚ್ಚುವ ಜಾತಿಯಲ್ಲ. ಎರೆಹುಳ ತಿಂದುಕೊಂಡು ನೆಲದೊಳಗೆ ಇದ್ದವಳು. ಯಾರ ದಾರಿಗೆ ಅಡ್ಡ ಬಂದಿದ್ದಳು? ದಾರಿಯನ್ನು ಅವಳ ಮೇಲೆ ಹಾಕಿದವರು ಯಾರು?

ಆ ತಿರುವಿನಲ್ಲೇ ನಾನೂ ಬಂದದ್ದು. ಹತ್ತು ಗಂಟೆ ಕಳೆದಿತ್ತು, ವೈಪರ್ ಜೋರಾಗಿ ಆಡುತ್ತಿತ್ತು, ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಕಾರು ನಿಧಾನ ಮಾಡಿದ ನೆನಪಿಲ್ಲ.

ಏನು ಕೇಳಬೇಕೆಂದು ತೋಚದೆ, ಚಿಕೋರಿ ಬಗ್ಗೆ ಕೊನೆಯದಾಗಿ ಒಂದು ಮಾತು, ಎಂದೆ.

ಮೈಕ್ ಹಿಡಿದೇ ಕಾದೆ. ದರಗಿನ ನಡುವೆ ಕಾಣುತ್ತಿದ್ದುದು ಮೊಂಡು ಬಾಲ, ಅದರ ತುದಿಯಲ್ಲಿ ಒಂದು ಹಸಿಮಣ್ಣಿನ ಬಿಲ್ಲೆ.