ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಅಂತ ಟಿಕೆಟ್ಟಿನಲ್ಲಿದ್ದರೆ, ಮೂರೇ ಗಂಟೆ ಅಂದುಕೊಳ್ಳಬೇಡಿ ಅಕ್ಕ. ಆಯಾ ಊರಿನ ಗಡಿಯಾರದ ಹೊತ್ತು ಅದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಆ ಮೂರಕ್ಕೆ ಇದನ್ನ ಸೇರಿಸಿ, ಹದಿನಾರೂವರೆ ಗಂಟೆ ಆಯ್ತಲ್ಲ, ಅಷ್ಟು ಹೊತ್ತು ನೀವು ಸೀಟಿನಲ್ಲೇ. ಮಾರ್ಚಿನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ಇಟ್ಟುಕೊಳ್ತಾರೆ, ಆಮೇಲೆ ಹನ್ನೆರಡೂವರೆ ಸೇರಿಸಿದರೆ ಸಾಕು.

ದೂರ ಸುಮಾರು 14,000 ಕಿ.ಮೀ. ಗೋಡೆ ಮೇಲಿನ ನಕಾಶೆ ನೋಡಿ ದಾರಿ ಹುಡುಕಿದರೆ ಸಿಗಲ್ಲ. ನಿಮ್ಮ ಮೊಮ್ಮಗನ ಹತ್ರ ಗ್ಲೋಬ್ ಇದೆಯಲ್ಲ, ಅದರ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡೀರಿ. ದಾರ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ವೃತ್ತದ ಒಳಗೇ ಹೋಗಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತೆ. ಎರಡು ಊರಿನ ನಡುವೆ 160 ಡಿಗ್ರಿ ರೇಖಾಂಶ, ಹೆಚ್ಚುಕಮ್ಮಿ ಭೂಮಿಯ ಆ ಮಗ್ಗುಲು. ಅದಕ್ಕೇ ಹತ್ತಿರದ ದಾರಿ ಉತ್ತರಕ್ಕೆ ಏರೋದು. ನನಗಂತೂ ಇದು ಪ್ರತಿ ಸಲ ನೋಡಿದಾಗಲೂ ಮೈ ಜುಮ್ಮೆನ್ನಿಸುತ್ತೆ.

ಹಾಗಂತ ವಿಮಾನ ದಾರದ ಗೆರೆಯಲ್ಲೇ ಹೋಗುತ್ತೆ ಅಂತಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿ ಬೀಸುತ್ತೆ, ಕೆಲವೊಮ್ಮೆ ಗಂಟೆಗೆ 200 ಕಿ.ಮೀ.ಗೂ ಮೇಲೆ. ಅದರ ಬೆನ್ನೇರಿ ಪೆಸಿಫಿಕ್ ಮೇಲೆ ಹೋದರೆ ದೂರ ಜಾಸ್ತಿಯಾದರೂ ಬೇಗ ಮುಟ್ಟಬಹುದು. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ವಿಮಾನ ಹಾರಿಸಿಕೊಂಡು ಬಂದರಲ್ಲ, ಎಂಥ ಕೆಲಸ ಅದು! ಸುಮಾರು 17 ಗಂಟೆ, ಎಲ್ಲೂ ಇಳಿಯದೆ.

ದುಬೈ ಮೇಲೆ ಹೋಗೋದಾ ಅಂತ ಕೇಳಿದ್ರಲ್ಲ. ಇಲ್ಲಿಂದ ಅಲ್ಲಿಗೆ 2,700, ಅಲ್ಲಿಂದ ಮುಂದಕ್ಕೆ 13,000 ಕಿ.ಮೀ. ಸುತ್ತು ಜಾಸ್ತಿ ಆಗೋದು ಎರಡು ಗಂಟೆಯ ಹಾರಾಟದಷ್ಟೇ. ಹೊತ್ತು ನುಂಗೋದು ದುಬೈನಲ್ಲಿ ಕಾಯೋದು. ಮೂರು ಗಂಟೆಯ ಕಾಯುವಿಕೆ ಆದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ, ಮಂಡಿನೋವಿನವರಿಗೆ ನಡುವೆ ಕಾಲಾಡಿಸಿದ್ದೂ ಆಯ್ತು. ಹತ್ತು ಗಂಟೆ ಅಂದ್ರೆ ಬೇಡವೇ ಬೇಡ, ಎಷ್ಟೇ ಅಗ್ಗವಾಗಲಿ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ಮುಟ್ಟಬೇಕು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು. ಇವನ್ನೂ ಸೇರಿಸಿದಾಗಲೇ ಪ್ರಯಾಣದ ಹೊತ್ತು.

ಬಾಣಂತನಕ್ಕೆ ಅಂತ ಹೊರಟಿದ್ದೀರಲ್ಲ, ಅದು ಮುಗಿಸಿ ವಾಪಸ್ ಬರೋ ಟಿಕೆಟ್ಟನ್ನ ಇನ್ನೊಂದು ಸಲ ನೋಡಿ. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿ ಹತ್ತಿದರೆ ಇಲ್ಲಿ ಇಳಿಯೋದು ಸೋಮವಾರ ಬೆಳಗಿನ ಜಾವ. ಕರೆದುಕೊಂಡು ಬರೋಕೆ ಮಗನಿಗೆ ಹೇಳುವಾಗ ಇಳಿಯೋ ತಾರೀಖನ್ನೇ ಹೇಳಿ.